ಎರಡು ದಾರಿಯ ಮಿಕ್ಸರ್

ಮಿಕ್ಸರ್ ತಂದದ್ದು ಸಂತೋಷ, ಮರಿ. ಆದರೆ ಮೈಕು, ತಬಲಾ, ಹಾರ್ಮೋನಿಯಂ ಎಲ್ಲ ಹರಡಿಕೊಂಡು ಕೂರುವ ಮೊದಲು ಡಬ್ಬದ ಮೇಲಿನ ಸಣ್ಣ ಅಕ್ಷರ ಓದು. ಮುಂದುಗಡೆ ದಪ್ಪಕ್ಷರದಲ್ಲಿ ಎಂಟು ಚಾನೆಲ್, ಹತ್ತು ಚಾನೆಲ್ ಅಂತ ಹಾಕಿರುತ್ತಾರೆ. ಹಿಂದೆ ಯುಎಸ್‌ಬಿ ಅನ್ನುವ ಕಡೆ ಎರಡು ಇನ್, ಎರಡು ಔಟ್ ಅಂತಿರುತ್ತದೆ. ನಿನಗೆ ಬೇಕಾದದ್ದು ಹಿಂದಿನ ಲೆಕ್ಕ. ಯಮಹಾ ಎಂಜಿ10ಎಕ್ಸ್‌ಯು ಆಗಲಿ, ಬೆಹ್ರಿಂಗರ್ ಕ್ಯೂ802 ಆಗಲಿ, ಮೇಲೆ ಎಷ್ಟೇ ಗುಂಡಿಗಳಿದ್ದರೂ ಕಂಪ್ಯೂಟರಿಗೆ ಹೋಗುವುದು ಎಡ, ಬಲ ಎರಡೇ ದಾರಿ. ನಾಲ್ಕು ಜನ ಕೂತು ನುಡಿಸಿದರೆ ನಾಲ್ವರೂ ಒಂದೇ ಸ್ಟೀರಿಯೋದಲ್ಲಿ ಬೆರೆತು ಒಳಗೆ ಹೋಗುತ್ತಾರೆ.

ಬೆರೆತದ್ದು ಸಾರಿಗೆ ಬಿದ್ದ ಉಪ್ಪು. ಆಮೇಲೆ ತಬಲಾ ಜಾಸ್ತಿಯಾಯಿತು ಅಂತ ತಬಲಾ ಒಂದನ್ನೇ ಇಳಿಸುವುದಕ್ಕಾಗುವುದಿಲ್ಲ. ಈಗ ಎಐ ಬಿಡಿಸಿಕೊಡುತ್ತದಲ್ಲ ಮಾಮ ಅಂತೀಯ. ಬಿಡಿಸುತ್ತದೆ, ಇಲ್ಲ ಅನ್ನುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡು ಕೇಳು: ಎಷ್ಟೋ ಸಲ ಡಗ್ಗಾದ ಗುಂಗು ನಿನ್ನ ದನಿಯ ಅಡಿಯಲ್ಲಿ ಅಂಟಿಕೊಂಡೇ ಇರುತ್ತದೆ, ಸಕಾರಗಳ ತುದಿ ಸವೆದಿರುತ್ತದೆ. ಹಳೆಯ ಕ್ಯಾಸೆಟ್ಟಿನ ಹಾಡಿಗೆ ಆ ಉಪಾಯ ಇರಲಿ. ನಾಳೆ ರೆಕಾರ್ಡ್ ಮಾಡುವುದಕ್ಕೆ ಇವತ್ತೇ ಅದನ್ನು ನೆಚ್ಚಬೇಡ.

ಹಾಗಂತ ಮಿಕ್ಸರ್ ದಂಡವಾಯಿತು ಅಂದುಕೊಳ್ಳಬೇಡ. ಎರಡು ದಾರಿ ಇದೆಯಲ್ಲ, ಎರಡನ್ನೂ ಬೇರೆಬೇರೆಯಾಗಿ ಬಳಸು. ನಿನ್ನ ಮೈಕಿನ ಪ್ಯಾನ್ ಗುಂಡಿಯನ್ನು ಪೂರ್ತಿ ಎಡಕ್ಕೆ ತಿರುಗಿಸು, ತಬಲಾದ ಮೈಕಿನದನ್ನು ಪೂರ್ತಿ ಬಲಕ್ಕೆ. ಸಾಫ್ಟ್‌ವೇರಿನಲ್ಲಿ ಒಂದು ಸ್ಟೀರಿಯೋ ಟ್ರ್ಯಾಕ್ ತೆರೆಯಬೇಡ. ಎರಡು ಮೋನೋ ಟ್ರ್ಯಾಕ್ ತೆರೆದು, ಮೊದಲನೆಯದಕ್ಕೆ ಇನ್‌ಪುಟ್ 1, ಎರಡನೆಯದಕ್ಕೆ ಇನ್‌ಪುಟ್ 2 ಕೊಡು. ಮಿಕ್ಸರ್ ಎರಡನ್ನೂ ಬೆರೆಸುವುದಿಲ್ಲ. ಒಂದೇ ಕೋಣೆಯಲ್ಲಿ ಕೂತರೆ ನಿನ್ನ ಮೈಕಿಗೆ ತಬಲಾ ಒಂದಿಷ್ಟು ಸೋರುತ್ತದೆ. ಅಷ್ಟಕ್ಕೆ ಗಾಬರಿ ಬೇಡ, ಮೈಕನ್ನು ಬಾಯಿಂದ ಒಂದು ಗೇಣು ದೂರದಲ್ಲಿಟ್ಟು ಅದರ ಬೆನ್ನು ತಬಲಾದ ಕಡೆಗಿರುವಂತೆ ಕೂತುಕೋ. ಹೆಡ್‌ಫೋನಿನಲ್ಲಿ ನೀನು ಒಂದು ಕಿವಿಗೆ, ತಬಲಾ ಇನ್ನೊಂದು ಕಿವಿಗೆ ಕೇಳಿಸುವುದು ಕಿರಿಕಿರಿಯೇ. ರೆಕಾರ್ಡಿಂಗ್ ಮುಗಿಯುವ ತನಕ ತಡೆದುಕೋ.

ಮೂರನೆಯವರು ಬಂದರೆ ಮತ್ತೊಂದು ಸುತ್ತು. ಇಲ್ಲಿ ನನ್ನದೊಂದು ಹಟ ಇದೆ: ಎಲ್ಲಕ್ಕಿಂತ ಮೊದಲು ಶ್ರುತಿ ಹಿಡಿ. ಎಲೆಕ್ಟ್ರಾನಿಕ್ ತಂಬೂರಿಗೆ ಮೈಕು ಇಡಬೇಡ. ಹೊರಕ್ಕೆ ತಂತಿ ಎಳೆಯುವ ಸಾಕೆಟ್ ಇದ್ದರೆ ನೇರವಾಗಿ ಮಿಕ್ಸರಿನ ಲೈನ್ ಇನ್‌ಪುಟ್ಟಿಗೆ ಕೊಟ್ಟು, ಹಾಡಿನ ಉದ್ದಕ್ಕಿಂತ ಒಂದೆರಡು ನಿಮಿಷ ಹೆಚ್ಚಿಗೇ ರೆಕಾರ್ಡ್ ಮಾಡಿಕೋ. ಕೊಳಲಿನವನು ಮುಂದಿನ ಭಾನುವಾರ ಬಂದರೂ ಅದೇ ಶ್ರುತಿ, ಅದೇ ಟ್ರ್ಯಾಕು. ಅದರ ಮೇಲೆ ತಾಳಕ್ಕೆ ಕ್ಲಿಕ್ಕು, ಕ್ಲಿಕ್ಕಿನ ಮೇಲೆ ನೀನೇ ಒಂದು ಟ್ರ್ಯಾಕ್ ಹಾಡಿಬಿಡು, ಸಿನಿಮಾದವರು ಹಾಡಿಸುತ್ತಾರಲ್ಲ ಹಾಗೆ. ವಾದ್ಯದವರು ಅದನ್ನು ಕೇಳುತ್ತ ನುಡಿಸಲಿ. ನಿನ್ನ ಅಸಲಿ ದನಿ ಕೊನೆಗೆ.

ಹೀಗೆ ಒಂದರ ಮೇಲೊಂದು ಹಾಕುವಾಗ ಹೆಚ್ಚಿನವರು ಮುಗ್ಗರಿಸುವ ಜಾಗ ಒಂದಿದೆ, ಅದನ್ನು ನಿಧಾನವಾಗಿ ಹೇಳುತ್ತೇನೆ. ಹಳೆಯ ಟ್ರ್ಯಾಕು ಕಂಪ್ಯೂಟರಿನಿಂದ ಯುಎಸ್‌ಬಿ ಮೂಲಕವೇ ಮಿಕ್ಸರಿಗೆ ವಾಪಸು ಬರುತ್ತದೆ. ಅದು ನಿನ್ನ ಕಿವಿಗೆ ಮಾತ್ರ ಹೋಗಬೇಕು. ಮೇನ್ ಮಿಕ್ಸಿಗೆ ಸೇರಿಕೊಂಡರೆ ಮತ್ತೆ ಕಂಪ್ಯೂಟರಿಗೆ ಹೋಗಿ ಹೊಸ ಟ್ರ್ಯಾಕಿನೊಳಗೆ ಹಳೆಯದೂ ಅಚ್ಚಾಗುತ್ತದೆ. ಸಾಫ್ಟ್‌ವೇರಿನ ಮಾನಿಟರಿಂಗ್ ಕೂಡ ಹಚ್ಚಿಟ್ಟಿದ್ದರೆ ದನಿ ಸುತ್ತು ಹೊಡೆದು ಕಿರುಚಿಕೊಳ್ಳುತ್ತದೆ. ಬೆಹ್ರಿಂಗರ್ ಥರದ ಪುಟ್ಟ ಮಿಕ್ಸರುಗಳಲ್ಲಿ ಇದಕ್ಕೆಂದೇ ಪಕ್ಕಪಕ್ಕದಲ್ಲಿ ಎರಡು ಒತ್ತುಗುಂಡಿ ಇರುತ್ತವೆ: ಒಂದು ಫೋನ್ಸ್‌ಗೆ, ಇನ್ನೊಂದು ಮೇನ್‌ಗೆ. ಮೊದಲನೆಯದನ್ನು ಒತ್ತು, ಎರಡನೆಯದನ್ನು ಮುಟ್ಟಬೇಡ. ಅಂಥ ಗುಂಡಿ ಇಲ್ಲದಿದ್ದರೆ ಹಳೆಯ ಟ್ರ್ಯಾಕನ್ನು ಕಂಪ್ಯೂಟರಿನ ಹೆಡ್‌ಫೋನ್ ತೂತಿನಿಂದಲೇ ಕೇಳು.

ಸರಿಯಾಗಿದೆಯೋ ಇಲ್ಲವೋ ತಿಳಿಯುವುದು ಸುಲಭ. ಮೈಕುಗಳ ಫೇಡರ್ ಎಲ್ಲ ಕೆಳಗಿಳಿಸು. ಹಳೆಯ ಟ್ರ್ಯಾಕ್ ಓಡಿಸುತ್ತ ಹೊಸದರಲ್ಲಿ ಹತ್ತು ಸೆಕೆಂಡ್ ರೆಕಾರ್ಡ್ ಮಾಡು. ಪರದೆಯ ಮೇಲೆ ಹೊಸ ಟ್ರ್ಯಾಕು ಬರೀ ನೇರ ಗೆರೆಯಾಗಿ ಬರಬೇಕು. ಒಂದು ಸಣ್ಣ ಗುಡ್ಡ ಎದ್ದರೂ ಎಲ್ಲೋ ಸೋರುತ್ತಿದೆ, ಹುಡುಕು. ಹೊಸ ಹಾಡು ಶುರುಮಾಡುವಾಗೆಲ್ಲ ಇದನ್ನೊಮ್ಮೆ ಮಾಡಿಕೋ.

ಗೇನ್ ವಿಷಯ. ಫೇಡರನ್ನು ಸೊನ್ನೆಯ ಗುರುತಿಗೆ ನಿಲ್ಲಿಸು, ಗೇನ್ ಪೂರ್ತಿ ಇಳಿಸಿರು. ಆಮೇಲೆ ಹಾಡುತ್ತ ಗೇನ್ ಏರಿಸುತ್ತ ಬಾ. ಹಲೋ ಹಲೋ, ಮೈಕ್ ಟೆಸ್ಟಿಂಗ್ ಅಂತ ಅಲ್ಲ! ಪರೀಕ್ಷೆಯ ಹೊತ್ತಿಗೆ ಎಲ್ಲರೂ ಮೆಲ್ಲಗೆ ಹಾಡುತ್ತಾರೆ, ನಿಜವಾದ ಹಾಡಿನಲ್ಲಿ ತಾರಸ್ಥಾಯಿಗೆ ಹೋದಾಗ ಕೆಂಪು ದೀಪ ಹತ್ತಿಕೊಳ್ಳುತ್ತದೆ. ಚರಣದಲ್ಲಿ ನಿನ್ನ ದನಿ ಎಲ್ಲಿ ಎಲ್ಲಕ್ಕಿಂತ ಮೇಲೇರುತ್ತದೋ ಆ ಸಾಲನ್ನೇ ಪೂರ್ತಿ ಕಂಠದಲ್ಲಿ ಹಾಡು. ಕೆಂಪು ಮಿನುಗಬಾರದು, ಕಂಪ್ಯೂಟರಿನ ಮೀಟರು ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿ ನಿಂತರೆ ಸಾಕು. ಕಡಿಮೆಯಾಯಿತಲ್ಲ ಅನ್ನಿಸುತ್ತದೆ. ಕಡಿಮೆಯಾದದ್ದನ್ನು ಆಮೇಲೆ ಏರಿಸಬಹುದು, ಒಡೆದ ದನಿಯನ್ನು ಕೂಡಿಸಲಾಗದು.

ಮಿಕ್ಸರಿನೊಳಗಿನ ಎಕೋ, ಹಾಲ್, ರಿವರ್ಬ್ ಯಾವುದೂ ಬೇಡ, ಎಷ್ಟೇ ಆಸೆಯಾದರೂ. ಎರಡು ದಾರಿಯ ಮಿಕ್ಸರಿನಲ್ಲಿ ಅದು ನೇರ ಟ್ರ್ಯಾಕಿಗೇ ಹೋಗಿ ಕೂರುತ್ತದೆ. ಒಣ ದನಿ ಕೇಳಿ ಹಾಡುವುದು ಕಷ್ಟ, ಗೊತ್ತು. ಅಭ್ಯಾಸ ಮಾಡಿಕೋ, ಹಾಡುಗಾರಿಕೆಗೂ ಒಳ್ಳೆಯದು. ಲೋ ಕಟ್ ಗುಂಡಿಯನ್ನು ದನಿಗೆ ಒತ್ತಬಹುದು, ಮೈಕ್ ಸ್ಟ್ಯಾಂಡಿನ ಅದುರು, ಬೀದಿಯ ಗಾಡಿಗಳ ಗುಡುಗುಡು ಒಂದಿಷ್ಟು ಹೋಗುತ್ತದೆ. ತಬಲಾಕ್ಕೆ ಒತ್ತಬೇಡ, ಡಗ್ಗಾದ ಗುಮ್ಮು ತೆಳುವಾಗುತ್ತದೆ. ಕಂಡೆನ್ಸರ್ ಮೈಕಾದರೆ 48 ವೋಲ್ಟಿನ ಫ್ಯಾಂಟಮ್ ಬೇಕು. ತಂತಿ ಸಿಕ್ಕಿಸಿ, ಫೇಡರ್ ಇಳಿಸಿ, ಆಮೇಲೆ ಆ ಸ್ವಿಚ್ ಹಾಕು.

ಗೊಂಯ್ ಅನ್ನುವ ಸದ್ದು ಬಂದರೆ ಅದು ನಮ್ಮ ಮನೆಗಳ 50 ಹರ್ಟ್ಸ್ ಕರೆಂಟಿನದ್ದು. ಮಿಕ್ಸರ್, ಲ್ಯಾಪ್‌ಟಾಪ್ ಎರಡೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿನಿಂದ ಇರಲಿ. ಹಾಡುವ ಹೊತ್ತಿಗೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸು. ಸದ್ದು ಹೋಗಲಿ ಅಂತ ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ತ್ ಪಿನ್ ಮುರಿಯುವ ಜಾಣರಿದ್ದಾರೆ. ಅವರ ಮಾತು ಕೇಳಬೇಡ, ಅದು ಪ್ರಾಣ ಉಳಿಸುವ ಪಿನ್ನು.

ಟ್ರ್ಯಾಕು ಸಾಲದು ಅಂತ ಕೊರಗಬೇಡ. 1982ರಲ್ಲಿ ಅಮೆರಿಕದ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ತನ್ನ ಮನೆಯಲ್ಲಿ ಕೂತು, ಟ್ಯಾಸ್ಕಮ್ ಪೋರ್ಟಾಸ್ಟುಡಿಯೋ 144 ಅನ್ನುವ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದಲ್ಲಿ ಹಾಡಿಟ್ಟುಕೊಂಡ. ಮೈಕುಗಳು ಎರಡು, ಈಗಲೂ ಅಂಗಡಿಯಲ್ಲಿ ಸಿಗುವ ಶೂರ್ ಎಸ್‌ಎಂ57. ಆಮೇಲೆ ವಾದ್ಯವೃಂದದ ಜತೆ ಸ್ಟುಡಿಯೋದಲ್ಲಿ ಅದೇ ಹಾಡುಗಳನ್ನು ಮಾಡಿ ನೋಡಿದ್ದೂ ಆಯಿತು. ಕೊನೆಗೆ 'ನೆಬ್ರಾಸ್ಕ' ಅನ್ನುವ ಆಲ್ಬಮ್ ಆಗಿ ಹೊರಬಂದದ್ದು ಮನೆಯ ಆ ಕ್ಯಾಸೆಟ್ಟೇ. ನಿನ್ನ ಕಂಪ್ಯೂಟರಿನಲ್ಲಿ ಎಷ್ಟು ಸುತ್ತು ಬೇಕಾದರೂ ಹಾಕಬಹುದು.

ಡ್ರಮ್ಸ್, ಕೀಬೋರ್ಡ್, ಗಿಟಾರು ಎಲ್ಲ ಒಟ್ಟಿಗೇ ನುಡಿಸಬೇಕು, ಬೇರೆಬೇರೆಯಾಗಿಯೇ ಹಿಡಿಯಬೇಕು ಅನ್ನುವ ಬ್ಯಾಂಡಿಗೆ ಮಾತ್ರ ಈ ಮಿಕ್ಸರ್ ಸಾಲದು. ಅಂಥವರು ಟ್ಯಾಸ್ಕಮ್ ಮಾಡೆಲ್ 12, ಸೌಂಡ್‌ಕ್ರಾಫ್ಟ್ ಸಿಗ್ನೇಚರ್ 12 ಎಂಟಿಕೆ ಥರದ್ದು ನೋಡಬೇಕು. ನಿಮ್ಮ ಭಾವಗೀತೆಯ ಗುಂಪಿಗೆ ಅದರ ಅಗತ್ಯ ಕಾಣೆ. ದುಡ್ಡಿದ್ದರೆ ಇನ್ನೊಂದು ಒಳ್ಳೆಯ ಮೈಕು ಕೊಳ್ಳಿ, ಕಿಟಕಿಗೆ ದಪ್ಪ ಕಂಬಳಿ ಕಟ್ಟಿ.

ಮೊದಲ ಹಾಡು ಮುಗಿದ ಮೇಲೆ ನನಗೆ ಕಳಿಸು. ಎಂಪಿ3 ಬೇಡ, ವಾಟ್ಸಾಪಿನಲ್ಲೂ ಬೇಡ. ಒಂದೊಂದು ಟ್ರ್ಯಾಕೂ ಬೇರೆ ವೇವ್ ಫೈಲಾಗಿರಲಿ, ಕೊಳಲು ಎರಡನೇ ನಿಮಿಷಕ್ಕೆ ಬಂದರೂ ಎಲ್ಲ ಫೈಲೂ ಸೊನ್ನೆಯಿಂದಲೇ ಶುರುವಾಗಲಿ, ಹೆಸರಿನಲ್ಲಿ ವಾದ್ಯ ಯಾವುದೆಂದು ಬರೆದಿರು.