ಡ್ರೈವ್‌ಗೂ ಮೋಟರ್‌ಗೂ ನಡುವೆ ಟ್ರಾನ್ಸ್‌ಫಾರ್ಮರ್ ಹಾಕಬಹುದಾ?

ಟ್ರಾನ್ಸ್‌ಫಾರ್ಮರ್ ಅಂದ ತಕ್ಷಣ ನಮಗೆ ನೆನಪಾಗೋದು 50 ಹರ್ಟ್ಜ್. ವಿಎಫ್‌ಡಿ, ಅಂದ್ರೆ ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್‌ನ ಕೆಲಸವೇ ಫ್ರೀಕ್ವೆನ್ಸಿ ಬದಲಾಯಿಸೋದು. ಎರಡನ್ನೂ ಸೇರಿಸಿದ್ರೆ? ವೈವಾದಲ್ಲಿ ಕೇಳಿದ್ರೆ "ಕೋರ್ ಸ್ಯಾಚುರೇಟ್ ಆಗುತ್ತೆ ಸಾರ್" ಅಂತೀವಿ. ಅದು ಅರ್ಧ ಉತ್ತರ ಮಾತ್ರ.

ಇದು ಎಲ್ಲಿ ಬೇಕು?

ತೈಲಬಾವಿಗಳ ಸಬ್‌ಮರ್ಸಿಬಲ್ ಪಂಪ್ ತಗೊಳ್ಳಿ. ಮೋಟರ್ ಕಿಲೋಮೀಟರ್‌ಗಟ್ಟಲೆ ಆಳದಲ್ಲಿ, ಡ್ರೈವ್ ನೆಲದ ಮೇಲೆ. ಲೆಕ್ಕಕ್ಕೆ, ಮೋಟರ್ 2000 ವೋಲ್ಟ್, 50 ಆಂಪಿಯರ್ ಇರಲಿ; ಕೇಬಲ್ ರೆಸಿಸ್ಟೆನ್ಸ್ ಫೇಸ್‌ಗೆ 0.5 ಓಮ್. ಕೇಬಲ್‌ನಲ್ಲಿ ಬೀಳೋದು 25 ವೋಲ್ಟ್, ಮೂರೂ ಫೇಸ್ ಸೇರಿ ನಷ್ಟ 3.75 ಕಿಲೋವ್ಯಾಟ್. ಅದೇ ಪವರ್‌ನ 400 ವೋಲ್ಟ್ ಮೋಟರ್ ಆದ್ರೆ ಕರೆಂಟ್ 250 ಆಂಪಿಯರ್. ಡ್ರಾಪ್ 125 ವೋಲ್ಟ್! ಫೇಸ್ ವೋಲ್ಟೇಜ್ ಇರೋದೇ 231. ನಷ್ಟ 25 ಪಟ್ಟು, ಸುಮಾರು 94 ಕಿಲೋವ್ಯಾಟ್. ಹಾಗಾಗಿ ಮೋಟರ್ ಹೈ ವೋಲ್ಟೇಜಿನದ್ದೇ ಬೇಕು. ಆದ್ರೆ ಹೈ ವೋಲ್ಟೇಜ್ ಡ್ರೈವ್ ದುಬಾರಿ. ಅದಕ್ಕೇ 400 ವೋಲ್ಟ್ ಡ್ರೈವ್ ಇಟ್ಟು, ಮುಂದೆ 1:5 ಸ್ಟೆಪ್-ಅಪ್ ಟ್ರಾನ್ಸ್‌ಫಾರ್ಮರ್ ಹಾಕ್ತಾರೆ.

ಕೋರ್ ಯಾವಾಗ ಸ್ಯಾಚುರೇಟ್ ಆಗುತ್ತೆ?

ಇಎಂಎಫ್ ಸೂತ್ರದಲ್ಲಿ ಫ್ಲಕ್ಸ್ ನಿಂತಿರೋದು ವೋಲ್ಟೇಜ್ ಭಾಗಿಸು ಫ್ರೀಕ್ವೆನ್ಸಿ ಮೇಲೆ. 50 ಹರ್ಟ್ಜ್‌ಗೆ 400 ವೋಲ್ಟ್ ಅಂದ್ರೆ ಅನುಪಾತ 8. ಡ್ರೈವ್ 5 ಹರ್ಟ್ಜ್‌ನಲ್ಲಿ 40 ವೋಲ್ಟ್ ಕೊಟ್ರೆ ಆಗಲೂ 8. ಫ್ಲಕ್ಸ್ ಅಷ್ಟೇ, ತೊಂದರೆ ಇಲ್ಲ.

ತೊಂದರೆ ಶುರುವಾಗೋದು ಬೂಸ್ಟ್‌ನಿಂದ. ಕಡಿಮೆ ವೇಗದಲ್ಲಿ ಕೇಬಲ್ ಮತ್ತು ಸ್ಟೇಟರ್ ರೆಸಿಸ್ಟೆನ್ಸೇ ವೋಲ್ಟೇಜ್ ತಿಂದುಹಾಕುತ್ತೆ. ಸ್ಟಾರ್ಟಿಂಗ್ ಟಾರ್ಕ್ ಸಿಗಲಿ ಅಂತ 40ರ ಬದಲು 60 ವೋಲ್ಟ್ ಕೊಟ್ವಿ ಅಂದ್ಕೊಳ್ಳಿ. ಅನುಪಾತ 12, ಫ್ಲಕ್ಸ್ ಸುಮಾರು ಒಂದೂವರೆ ಪಟ್ಟು. 1.6 ಟೆಸ್ಲಾಗೆ ಡಿಸೈನ್ ಆದ ಕೋರ್‌ಗೆ ಇದು 2.4 ಟೆಸ್ಲಾ; ಸಿಲಿಕಾನ್ ಸ್ಟೀಲ್ 2ರ ಆಸುಪಾಸಲ್ಲೇ ಕೈಚೆಲ್ಲುತ್ತೆ. ಮ್ಯಾಗ್ನೆಟೈಸಿಂಗ್ ಕರೆಂಟ್ ಒಮ್ಮೆಲೇ ಏರಿ ಡ್ರೈವ್ ಟ್ರಿಪ್ ಆಗುತ್ತೆ. 1.2 ಟೆಸ್ಲಾಗೆ ಡಿಸೈನ್ ಮಾಡಿದ ಕೋರ್ ಆಗಿದ್ರೆ 1.8, ತಡೆದುಕೊಳ್ಳುತ್ತೆ. ಅಂದ್ರೆ ಮೂಲೆಯಲ್ಲಿ ಬಿದ್ದಿರೋ ಯಾವುದೋ ಟ್ರಾನ್ಸ್‌ಫಾರ್ಮರ್ ತಂದು ಜೋಡಿಸಿದ್ರೆ ಆಗಲ್ಲ.

ಗಮನಿಸಬೇಕಾದ ಇನ್ನಷ್ಟು

1. ಡ್ರೈವ್ ಸೈಜ್: ಮೋಟರ್‌ನ 50 ಆಂಪಿಯರ್ ನೋಡಿ ಡ್ರೈವ್ ಆರಿಸಬೇಡಿ. ಪ್ರೈಮರಿಯಲ್ಲಿ ಅದು 250, ಜೊತೆಗೆ ಮ್ಯಾಗ್ನೆಟೈಸಿಂಗ್ ಕರೆಂಟ್.

2. ಸೈನ್ ಫಿಲ್ಟರ್: ಡ್ರೈವ್ ಕೊಡೋದು ಕಿಲೋಹರ್ಟ್ಜ್ ವೇಗದ ಪಲ್ಸ್‌ಗಳನ್ನ. ನೇರವಾಗಿ ಕೊಟ್ರೆ ಕೋರ್ ಬಿಸಿಯಾಗುತ್ತೆ, ಇನ್ಸುಲೇಶನ್‌ಗೂ ಪೆಟ್ಟು. ಡ್ರೈವ್ ಮತ್ತು ಟ್ರಾನ್ಸ್‌ಫಾರ್ಮರ್ ನಡುವೆ ಫಿಲ್ಟರ್ ಬೇಕು.

3. ಡಿಸಿ: ಟ್ರಾನ್ಸ್‌ಫಾರ್ಮರ್ ಡಿಸಿಯನ್ನ ದಾಟಿಸಲ್ಲ. ಡಿಸಿ ಇಂಜೆಕ್ಷನ್ ಬ್ರೇಕಿಂಗ್ ಆಫ್ ಮಾಡಿಡಿ. ಮೋಟರ್ ನಿಲ್ಲೋ ಬದಲು ಕೋರ್ ಸ್ಯಾಚುರೇಟ್ ಆಗುತ್ತೆ.

4. ಲೋಡ್: ಸೆಂಟ್ರಿಫ್ಯೂಗಲ್ ಪಂಪ್‌ಗೆ ಕಡಿಮೆ ವೇಗದಲ್ಲಿ ಟಾರ್ಕ್ ಕಡಿಮೆ ಸಾಕು, ಬೂಸ್ಟೂ ಕಡಿಮೆ ಸಾಕು. ಶೂನ್ಯ ವೇಗದಲ್ಲೇ ಫುಲ್ ಟಾರ್ಕ್ ಬೇಡೋ ಹಾಯ್ಸ್ಟ್‌ಗೆ ಈ ಏರ್ಪಾಡು ಸರಿಹೋಗಲ್ಲ.

ವೈವಾದಲ್ಲಿ ಮತ್ತೆ ಕೇಳಿದ್ರೆ ಹೀಗೆ ಹೇಳಿ: ಕಡಿಮೆ ಫ್ರೀಕ್ವೆನ್ಸಿ ಒಂದರಿಂದಲೇ ಕೋರ್ ಸ್ಯಾಚುರೇಟ್ ಆಗಲ್ಲ, ಆ ಫ್ರೀಕ್ವೆನ್ಸಿಗೆ ವೋಲ್ಟೇಜ್ ಜಾಸ್ತಿ ಆದ್ರೆ ಆಗುತ್ತೆ.