ಸಿರಿವಂತ ರಾಷ್ಟ್ರಗಳೂ ಬಡ ರಾಷ್ಟ್ರಗಳ ಸರಕೂ

ಮುಂದುವರಿದ ರಾಷ್ಟ್ರಗಳು ಹಿಂದುಳಿದ ರಾಷ್ಟ್ರಗಳಿಂದ ಸರಕನ್ನು ಆಮದು ಮಾಡಿಕೊಳ್ಳಬೇಕೇ? ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಲಾಭನಷ್ಟಗಳ ದೃಷ್ಟಿಯಿಂದ ವಿಚಾರಿಸಬೇಕು.

ಇಂಗ್ಲೆಂಡಿನ ಬಟ್ಟೆ ಮತ್ತು ಪೋರ್ಚುಗಲ್ಲಿನ ದ್ರಾಕ್ಷಾರಸಗಳನ್ನು ಉದಾಹರಿಸಿ ಡೇವಿಡ್ ರಿಕಾರ್ಡೋ 1817ರಲ್ಲಿ ಒಂದು ತತ್ತ್ವವನ್ನು ಪ್ರತಿಪಾದಿಸಿದನು. ಪ್ರತಿಯೊಂದು ದೇಶವೂ ತನಗೆ ತೌಲನಿಕವಾಗಿ ಕಡಮೆ ವೆಚ್ಚದಲ್ಲಾಗುವ ಸರಕನ್ನು ತಯಾರಿಸಿ ವಿನಿಮಯ ಮಾಡಿಕೊಂಡರೆ ಇಬ್ಬರಿಗೂ ಲಾಭವುಂಟು. ಆದರೆ ಆಚರಣೆಯಲ್ಲಿ ಸಿರಿವಂತರ ಬಾಗಿಲು ಅರ್ಧ ಮಾತ್ರ ತೆರೆದಿರುತ್ತದೆ.

ಕಾಫಿಯನ್ನೇ ನೋಡಿರಿ. ಐರೋಪ್ಯ ಒಕ್ಕೂಟದ ಸಾಮಾನ್ಯ ದರಪಟ್ಟಿಯಲ್ಲಿ ಹುರಿಯದ ಬೀಜಕ್ಕೆ ಸುಂಕವಿಲ್ಲ. ಹುರಿದ ಬೀಜಕ್ಕೆ ಶೇಕಡಾ 7.5. ಅತ್ಯಂತ ಬಡ ದೇಶಗಳಿಗೆ 2001ರಿಂದ ವಿನಾಯಿತಿಯುಂಟು. ಆದರೂ ಇಂತಹ ಏರುಸುಂಕದಿಂದ ಬೆಳೆಯುವ ಕೆಲಸ ಬಡವನಿಗೂ ಹುರಿದು ಪುಡಿಮಾಡುವ ಲಾಭ ಸಿರಿವಂತನಿಗೂ ಸೇರುತ್ತದೆ. ಕೊಡಗು, ಚಿಕ್ಕಮಗಳೂರುಗಳಲ್ಲಿ ಕಾಫಿ ಬೆಳೆಯುವ ನಮಗೆ ಇದರ ಮರ್ಮ ತಿಳಿಯುವುದು ಕಷ್ಟವಲ್ಲ.

ಬಟ್ಟೆಯ ವಿಷಯದಲ್ಲಿ ನಿರ್ಬಂಧವು ಇನ್ನೂ ಕಠಿಣವಾಗಿತ್ತು. 1974ರಲ್ಲಿ ಜಾರಿಗೆ ಬಂದ ಮಲ್ಟಿಫೈಬರ್ ಒಪ್ಪಂದವು ಬಡ ದೇಶಗಳ ಜವಳಿ ರಫ್ತಿಗೆ ಮಿತಿ ಕಟ್ಟಲು ಅವಕಾಶವಿತ್ತಿತು. ಈ ಮಿತಿಗಳು ಪೂರ್ತಿಯಾಗಿ ತೊಲಗಿದ್ದು 2005ರ ಜನವರಿ 1ರಂದು. ಆಗ ಪೈಪೋಟಿಯಲ್ಲಿ ಬಾಂಗ್ಲಾದೇಶವು ಸೋಲುವುದೆಂದು ಹಲವರು ಶಂಕಿಸಿದರು. ಹಾಗಾಗಲಿಲ್ಲ, ಸಿದ್ಧ ಉಡುಪುಗಳ ರಫ್ತು ಬೆಳೆದು ಲಕ್ಷಾಂತರ ಹೆಂಗಸರ ಕೈಗೆ ಸಂಬಳ ಬಂದಿತು.

ಇದಕ್ಕೆ ಎರಡು ಆಕ್ಷೇಪಣೆಗಳುಂಟು. ಮೊದಲನೆಯದು, ಆಮದಿನಿಂದ ಸಿರಿವಂತ ದೇಶದ ಕಾರ್ಮಿಕರು ಕೆಲಸ ಕಳೆದುಕೊಳ್ಳುವರೆಂಬುದು. ಇದು ಸುಳ್ಳಲ್ಲ. ಅಗ್ಗದ ಸರಕಿನ ಲಾಭ ಎಲ್ಲರಿಗೂ ಹಂಚಿಹೋಗುತ್ತದೆ. ನಷ್ಟವು ಕೆಲವೇ ಊರುಗಳ ಮೇಲೆ ಬೀಳುತ್ತದೆ. ಆದ್ದರಿಂದ ಆ ಲಾಭದಲ್ಲೊಂದು ಪಾಲನ್ನು ಕೆಲಸ ಕಳೆದುಕೊಂಡವರ ನೆರವಿಗೂ ಹೊಸ ಕಸುಬಿನ ಶಿಕ್ಷಣಕ್ಕೂ ವಿನಿಯೋಗಿಸುವುದು ಸರ್ಕಾರದ ಕರ್ತವ್ಯ.

ಎರಡನೆಯದು, ಅಗ್ಗದ ಸರಕಿನ ಹಿಂದೆ ಬಡ ಕಾರ್ಮಿಕರ ಶೋಷಣೆಯಿದೆ ಎಂಬುದು. 2013ರ ಏಪ್ರಿಲ್ 24ರಂದು ಢಾಕಾದ ಬಳಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಮಡಿದರು. ಕೊಳ್ಳುವವರು ಆಗ ದೂರ ಸರಿದಿದ್ದರೆ ಉಳಿದವರ ಅನ್ನವೂ ಹೋಗುತ್ತಿತ್ತು. ಅದೇ ವರ್ಷ ವಿದೇಶೀ ವ್ಯಾಪಾರ ಸಂಸ್ಥೆಗಳೂ ಕಾರ್ಮಿಕ ಸಂಘಗಳೂ ಕಾರ್ಖಾನೆಗಳ ಸುರಕ್ಷತೆಗಾಗಿ ಕಾನೂನಿನ ಬಲವುಳ್ಳ ಕರಾರು ಮಾಡಿಕೊಂಡವು. ಸುಧಾರಣೆಯನ್ನು ಕೇಳುವ ಅಧಿಕಾರ ಕೊಳ್ಳುವವನಿಗಿದೆ ಎಂಬುದಕ್ಕೆ ಇದು ಸಾಕ್ಷಿ.

1968ರಲ್ಲಿ ನವದೆಹಲಿಯಲ್ಲಿ ನಡೆದ ವಿಶ್ವಸಂಸ್ಥೆಯ ಎರಡನೆಯ ವಾಣಿಜ್ಯ ಮತ್ತು ಅಭಿವೃದ್ಧಿ ಸಮ್ಮೇಳನವು ಬಡ ದೇಶಗಳ ಸರಕಿಗೆ ಸುಂಕದ ರಿಯಾಯಿತಿ ಬೇಕೆಂದು ನಿರ್ಣಯಿಸಿತು. ರಿಯಾಯಿತಿಯು ಕಚ್ಚಾ ಸಾಮಗ್ರಿಗೆ ಮಾತ್ರ ಸೀಮಿತವಾದರೆ ಅದರ ಉದ್ದೇಶವೇ ವ್ಯರ್ಥ. ಸಿದ್ಧವಸ್ತುಗಳನ್ನೂ ನ್ಯಾಯವಾದ ಬೆಲೆಗೆ ಕೊಳ್ಳುವುದಾದರೆ ಬಡ ರಾಷ್ಟ್ರಗಳು ಸಾಲಕ್ಕೂ ದಾನಕ್ಕೂ ಕೈಯೊಡ್ಡಬೇಕಾದ ಸಂದರ್ಭಗಳು ಕಡಮೆಯಾಗುವುವು.