ತಂದುಕೊಡಲು ಒಲ್ಲದ ನಾಯಿಗೆ ಪಾಠ

ಒಣಬೇಸಾಯದ ನಮ್ಮ ಕಡೆ ಹೊಲದಾಗ ಮನೆ ಇದ್ದವರು ನಾಯಿ ಸಾಕದೆ ಇರೋದು ಕಡಿಮೆ. ಶೇಂಗಾಕ್ಕೆ ಹಂದಿ ಬಂದರೆ ಬೊಗಳಬೇಕು, ಕಣದಲ್ಲಿ ರಾಶಿ ಕಾಯಬೇಕು. ಇಷ್ಟಾದರೂ ನಾಯಿಗೆ ಏನಾದರೂ ಕಲಿಸಬೇಕು ಅಂತ ನಾವು ಯೋಚಿಸುವುದಿಲ್ಲ. "ನಾಯಿಗೆಂಥಾ ಸಾಲಿ, ರೊಟ್ಟಿ ಹಾಕಿದ್ರ ಸಾಕು" ಅಂತೀವಿ. ಪಟ್ಟಣದವರು ಚೆಂಡು ಎಸೆದು ನಾಯಿಯಿಂದ ತರಿಸುವುದನ್ನು ಕಂಡರೆ ಅದು ಕೆಲಸ ಇಲ್ಲದವರ ಆಟ ಅನ್ನಿಸುತ್ತದೆ.

ಆದರೆ ಈ ಆಟದ ಒಳಗೆ ಮೂರು ಪಾಠ ಇವೆ. ಕರೆದಾಗ ಬರುವುದು ಒಂದು. ಬಾಯಲ್ಲಿ ಹಿಡಿದದ್ದನ್ನು ಹರಿಯದೆ ತರುವುದು ಎರಡು. "ಬಿಡು" ಅಂದಾಗ ಬಿಡುವುದು ಮೂರು. ರೈತನ ನಾಯಿಗೆ ಈ ಮೂರನೆಯದು ಜೀವ ಉಳಿಸುವ ಪಾಠ.

ಎರಡು ವರ್ಷದ ಹಿಂದೆ ಹಿಂಗಾರಿಯಲ್ಲಿ ನಮ್ಮ ಸುತ್ತಲಿನ ಹೊಲಗಳಿಗೆ ಇಲಿ ಕಾಟ ಜೋರಾಗಿತ್ತು. ಬಹಳ ಮಂದಿ ಜಿಂಕ್ ಫಾಸ್ಫೈಡ್ ಬೆರೆಸಿದ ಕಾಳು ಇಟ್ಟಿದ್ದರು. ಸತ್ತ ಇಲಿ ತಿಂದು ಪಕ್ಕದ ಹೊಲದವರ ನಾಯಿ ಸತ್ತಿತು. ಅದೇ ವಾರ ನಮ್ಮ ಕರಿಯಾನೂ ಬದುವಿನ ಮೇಲಿಂದ ಒಂದು ಸತ್ತ ಇಲಿ ಕಚ್ಚಿಕೊಂಡು ಹೊರಟಿತ್ತು. ನನ್ನ ಮಗ ಇಪ್ಪತ್ತು ಮಾರು ದೂರದಿಂದ "ಬಿಡು" ಅಂದ. ಬಿಟ್ಟು ಓಡಿ ಬಂತು. ಆಟದಲ್ಲಿ ಕಲಿತ ಮಾತು ಅದು. ಈ ವಿಷಕ್ಕೆ ಇಂಥದ್ದೇ ಅನ್ನುವ ಪ್ರತಿವಿಷ ಇಲ್ಲ. ಹೊಟ್ಟೆಗೆ ಹೋದ ಮೇಲೆ ಒದ್ದಾಡುವುದಕ್ಕಿಂತ ಬಾಯಿಂದ ಬಿಡಿಸುವುದೇ ಒಳ್ಳೆಯದು ಅಲ್ಲವೇ?

ಯಾಕೆ ಒಲ್ಲದು?

ಕೆಲವು ನಾಯಿಗಳಿಗೆ ಈ ಆಟ ರಕ್ತದಲ್ಲೇ ಇರುತ್ತದೆ. ಲ್ಯಾಬ್ರಡಾರ್ ತಳಿಯ ಮೂಲ ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಮೀನುಗಾರರ ನಾಯಿ. ನೀರಿಗೆ ಇಳಿದು ಹಗ್ಗ, ಬಲೆ, ತಪ್ಪಿಸಿಕೊಂಡ ಮೀನು ತಂದುಕೊಡುವುದು ಅದರ ಕೆಲಸವಾಗಿತ್ತು. ಆಮೇಲೆ ಇಂಗ್ಲೆಂಡಿನ ಕಡೆಯವರು ಹೊಡೆದ ಹಕ್ಕಿ ತರಲಿಕ್ಕೆ ಅದನ್ನು ಬೆಳೆಸಿದರು. ಅದಕ್ಕೆ ನೀವು ಕಲಿಸುವುದೇ ಸ್ವಲ್ಪ.

ನಮ್ಮ ಮುಧೋಳ ನಾಯಿಯ ಕಥೆ ಬೇರೆ. ಅದು ಕಣ್ಣಿನಿಂದ ಕಂಡು, ಬೆನ್ನಟ್ಟಿ, ಹಿಡಿಯುವ ಬೇಟೆ ನಾಯಿ. ಘೋರ್ಪಡೆ ಅರಸರು ಬೆಳೆಸಿದ್ದು ಓಟಕ್ಕಾಗಿ. ಎಸೆದದ್ದರ ಹಿಂದೆ ಗಾಳಿಯಂತೆ ಓಡುತ್ತದೆ, ಅದು ನಿಂತ ಕೂಡಲೇ ಮೂಸಿ ಬಿಟ್ಟು ಬರುತ್ತದೆ. ಕುರಿ ಕಾಯುವ ನಾಯಿಗೆ ಕುರಿಯ ಮೇಲೆ ಲಕ್ಷ್ಯ, ನೀವು ಎಸೆದದ್ದರ ಮೇಲೆ ಇಲ್ಲ. ಹಾಗಂತ ಇವಕ್ಕೆ ಬುದ್ಧಿ ಕಡಿಮೆ ಅಂತಲ್ಲ. 2016ರಲ್ಲಿ ಸೇನೆಯವರು ಮುಧೋಳ ಮರಿಗಳನ್ನು ತರಬೇತಿಗೆ ಮೀರತ್‌ಗೆ ಒಯ್ದರು. ಅಂದ ಮೇಲೆ ಕಲಿಸುವ ದಾರಿ ಗೊತ್ತಿರಬೇಕು, ಅಷ್ಟೇ.

ಇನ್ನು ನಾಟಿ ನಾಯಿ. ನಮ್ಮಲ್ಲಿ ಹೆಚ್ಚಿನವರ ಹತ್ತಿರ ಇರುವುದು ಇದೇ. ಇದು ಒಲ್ಲೆ ಅನ್ನಲು ಮುಖ್ಯ ಕಾರಣ ತಳಿ ಅಲ್ಲ, ನಾವು. ಹಳ್ಳಿಯಲ್ಲಿ ಯಾರಾದರೂ ನೆಲಕ್ಕೆ ಬಗ್ಗಿದರೆ ನಾಯಿ ಏನು ಮಾಡುತ್ತದೆ ನೋಡಿ. ಬಾಲ ಮುದುರಿಕೊಂಡು ಓಡುತ್ತದೆ. ಬಗ್ಗಿದರೆ ಕಲ್ಲು ಎತ್ತಿದರು, ಕೈ ಮೇಲೆತ್ತಿದರೆ ಹೊಡೆದರು ಅಂತ ಅದು ಮರಿ ಇದ್ದಾಗಲೇ ಕಲಿತಿರುತ್ತದೆ. ಅಂಥ ನಾಯಿಯ ಮುಂದೆ ಕೈ ಬೀಸಿ ಚೆಂಡು ಎಸೆದರೆ ಅದಕ್ಕೆ ಆಟ ಹೇಗೆ ಕಂಡೀತು? ಮತ್ತೊಂದು, ಮರಿ ಚಪ್ಪಲಿ ಕಚ್ಚಿಕೊಂಡಾಗ ಬಡಿದು ಕಸಿದುಕೊಳ್ಳುತ್ತೇವೆ. ಬಾಯಲ್ಲಿ ಏನಾದರೂ ಇದ್ದಾಗ ಮನುಷ್ಯನ ಹತ್ತಿರ ಹೋಗಬಾರದು ಅಂತ ನಾವೇ ಪಾಠ ಮಾಡಿರುತ್ತೇವೆ.

ಹಾಗಾಗಿ ಎಸೆಯುವುದು ಕೊನೆಯ ಪಾಠ. ನಿಮ್ಮ ಕೈ ಕಸಿಯುವ ಕೈ ಅಲ್ಲ, ಕೊಡುವ ಕೈ ಅಂತ ನಾಯಿಗೆ ತಿಳಿಸುವುದು ಮೊದಲನೆಯದು.

ಆಟದ ಸಾಮಾನು

ದುಡ್ಡು ಖರ್ಚು ಮಾಡಬೇಡಿ. ಹಳೇ ಗೋಣಿತಟ್ಟು ಅಥವಾ ಹರಿದ ಧೋತರದ ತುಂಡನ್ನು ಗೇಣುದ್ದ ಸುರುಳಿ ಸುತ್ತಿ, ಹುರಿಯಿಂದ ಬಿಗಿಯಾಗಿ ಕಟ್ಟಿ. ನಾಯಿ ನುಂಗಲಾರದಷ್ಟು ದಪ್ಪ ಇರಲಿ. ಗೊಬ್ಬರ, ಔಷಧಿ, ಬೀಜೋಪಚಾರ ಮಾಡಿದ ಬೀಜ ತುಂಬಿದ್ದ ಚೀಲ ಬೇಡ.

ಕಲ್ಲು ಎಸೆದು ಆಡಿಸಬೇಡಿ, ಹಲ್ಲು ಮುರಿಯುತ್ತದೆ. ಕಟ್ಟಿಗೆಯ ಸಿಬಿರು ಗಂಟಲಿಗೆ ಚುಚ್ಚುತ್ತದೆ. ಗೋವಿನಜೋಳದ ಕಾಳು ಬಿಡಿಸಿದ ದಿಂಡಂತೂ ಬೇಡವೇ ಬೇಡ. ನುಂಗಿದರೆ ಕರುಳಿನಲ್ಲಿ ಸಿಕ್ಕಿಕೊಳ್ಳುತ್ತದೆ. ಸಣ್ಣ ಚೆಂಡು ಉಸಿರು ಕಟ್ಟಿಸುತ್ತದೆ.

ಕೊಡಲಿಕ್ಕೆ ತಿನಿಸು ಬೇಕು. ಹಾಲಲ್ಲಿ ನೆನೆಸಿ ಹಿಂಡಿದ ರೊಟ್ಟಿ ಚೂರು, ಕುದಿಸಿದ ತತ್ತಿಯ ಚೂರು ಆಗುತ್ತದೆ. ಚೂರು ಅಂದರೆ ಶೇಂಗಾ ಕಾಳಿನಷ್ಟು, ಹೆಚ್ಚಲ್ಲ. ಉಳ್ಳಾಗಡ್ಡಿ, ದ್ರಾಕ್ಷಿ, ಚಾಕಲೇಟು ನಾಯಿಗೆ ವಿಷ. ನಮ್ಮ ಉಂಡುಳಿದ ಪಲ್ಯದಲ್ಲಿ ಉಳ್ಳಾಗಡ್ಡಿ ಇರುತ್ತದೆ, ನೆನಪಿಡಿ.

ಮೊದಲ ಪಾಠ: ಬಾಯಿ ಹಾಕುವುದು

ನೆಲದ ಮೇಲೆ ಕುಳಿತುಕೊಳ್ಳಿ. ಸುರುಳಿಯನ್ನು ಕೈಯಲ್ಲಿ ಹಿಡಿದಿರಿ, ನಾಯಿಯ ಮುಖಕ್ಕೆ ಹಿಡಿಯಬೇಡಿ. ಅದು ತಾನಾಗಿ ನೋಡಿದರೆ "ಶಾಬಾಸ್" ಅಂದು ಚೂರು ಕೊಡಿ. ಮಾರನೆಯ ದಿನ ಮೂಸಿದರೆ ಮಾತ್ರ ಕೊಡಿ. ಅದರ ಮಾರನೆಯ ದಿನ ಬಾಯಿ ತಾಗಿಸಿದರೆ ಮಾತ್ರ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಒಂದು ಕ್ಷಣ ಹಿಡಿಯುವವರೆಗೆ ತರಬೇಕು. ಗಮನವೇ ಕೊಡದ ನಾಯಿ ಇದ್ದರೆ ಸುರುಳಿಗೆ ದಾರ ಕಟ್ಟಿ ನೆಲದ ಮೇಲೆ ಇಲಿ ಓಡಿದಂತೆ ಎಳೆಯಿರಿ. ನಾಯಿಯ ಕಡೆಗೆ ಎಳೆಯಬೇಡಿ, ಅದರಿಂದ ದೂರಕ್ಕೆ ಎಳೆಯಿರಿ. ಓಡಿ ಹೋಗುವುದನ್ನು ಹಿಡಿಯುವುದು ನಾಯಿಯ ಗುಣ.

"ಶಾಬಾಸ್" ಅಂದ ಕೂಡಲೇ ಚೂರು ಬರಬೇಕು, ತಡ ಆಗಬಾರದು. ಊಟದ ಸೂಚನೆ ಕಂಡರೇ ನಾಯಿಯ ಬಾಯಲ್ಲಿ ನೀರು ಬರುತ್ತದೆ ಅಂತ ರಷ್ಯಾದ ವಿಜ್ಞಾನಿ ಪಾವ್ಲೊವ್ ನೂರು ವರ್ಷದ ಹಿಂದೆಯೇ ತೋರಿಸಿದ್ದಾರೆ. ಮಾತಿಗೂ ತಿನಿಸಿಗೂ ಗಂಟು ಬಿದ್ದರೆ, ಆಮೇಲೆ ದೂರದಲ್ಲಿದ್ದಾಗ ಮಾತೊಂದೇ ಸಾಕಾಗುತ್ತದೆ.

ಎರಡನೆಯ ಪಾಠ: ಬಿಡುವುದು

ನಾಯಿ ಸುರುಳಿ ಹಿಡಿದಿರುವಾಗ ಇನ್ನೊಂದು ಕೈಯಲ್ಲಿ ಚೂರನ್ನು ಮೂಗಿನ ಹತ್ತಿರ ತನ್ನಿ. ತಿನ್ನಲಿಕ್ಕೆ ಬಾಯಿ ತೆರೆಯಲೇಬೇಕು. ತೆರೆಯುವ ಹೊತ್ತಿಗೆ "ಬಿಡು" ಅನ್ನಿ. ಚೂರು ಕೊಡಿ. ತಕ್ಷಣ ಸುರುಳಿಯನ್ನೂ ವಾಪಸ್ ಕೊಡಿ.

ಈ ವಾಪಸ್ ಕೊಡುವುದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ಸಂತೆಯ ವ್ಯವಹಾರ ಇದ್ದಂತೆ ಇದು. ಕೊಟ್ಟರೆ ಲುಕ್ಸಾನ ಅಂತ ಕಂಡರೆ ಯಾರು ಕೊಡ್ತಾರ್ರಿ? ಬಿಟ್ಟರೆ ತಿನಿಸೂ ಸಿಗುತ್ತದೆ, ಸುರುಳಿಯೂ ತಿರುಗಿ ಸಿಗುತ್ತದೆ ಅಂತ ತಿಳಿದ ನಾಯಿ ತಾನೇ ತಂದು ಒಪ್ಪಿಸುತ್ತದೆ. ಬಾಯಿಗೆ ಕೈ ಹಾಕಿ ಎಳೆದರೆ ಅದು ಹಲ್ಲು ಇನ್ನಷ್ಟು ಬಿಗಿಯುತ್ತದೆ. ಹಲ್ಲು ಬದಲಾಗುವ ನಾಲ್ಕರಿಂದ ಆರು ತಿಂಗಳ ಮರಿಗಂತೂ ಎಳೆದರೆ ನೋವು.

ಮೂರನೆಯ ಪಾಠ: ಸಂದಿಯಲ್ಲಿ ಆಟ

ಎರಡು ಗೋಡೆ ನಡುವಿನ ಸಂದಿ ಅಥವಾ ಪಡಸಾಲೆಯ ಒಂದು ಮೂಲೆ ಆರಿಸಿ. ನೀವು ಬಾಯಿಯಲ್ಲಿ ಕುಳಿತರೆ ನಾಯಿಗೆ ತಿರುಗಿ ಬರಲು ನಿಮ್ಮ ಕಡೆಯೇ ದಾರಿ. ಕೈ ಎತ್ತದೆ, ಕುಳಿತಲ್ಲಿಂದಲೇ ಸುರುಳಿಯನ್ನು ನೆಲದ ಮೇಲೆ ಒಂದು ಮಾರು ಉರುಳಿಸಿ. ಎತ್ತಿಕೊಂಡ ಕೂಡಲೇ ಹಿತವಾದ ದನಿಯಲ್ಲಿ "ತಾ" ಅನ್ನಿ. ಬಂದರೆ "ಬಿಡು", ಚೂರು, ಶಾಬಾಸ್. ದಿನಕ್ಕೆ ಅರ್ಧ ಮಾರು ಹೆಚ್ಚಿಸುತ್ತಾ ಹೋಗಿ.

ನಾಲ್ಕನೆಯ ಪಾಠ: ಬಯಲಿನಲ್ಲಿ

ಬಯಲಿಗೆ ಬಂದಾಗ ಕೊರಳಪಟ್ಟಿಗೆ 15-20 ಅಡಿ ಉದ್ದದ ಹಗುರ ಹಗ್ಗ ಕಟ್ಟಿ. ನಾಯಿಯನ್ನು ಜಗ್ಗಲಿಕ್ಕೆ ಅಲ್ಲ, ದೂರ ಓಡಿ ಹೋಗದಂತೆ ತಡೆಯಲಿಕ್ಕೆ. ಸುರುಳಿ ಎತ್ತಿಕೊಂಡು ನಿಂತರೆ ಅದರ ಹಿಂದೆ ಹೋಗಬೇಡಿ. ನೀವು ಬೆನ್ನಟ್ಟಿದರೆ ಅದಕ್ಕೆ ಮುಟ್ಟಾಟ ಆಗುತ್ತದೆ, ಆಮೇಲೆ ಜನ್ಮದಲ್ಲಿ ಕೈಗೆ ಬರುವುದಿಲ್ಲ. ತಿರುಗಿ ನೀವೇ ನಾಲ್ಕು ಹೆಜ್ಜೆ ಓಡಿ. ನಾಯಿ ನಿಮ್ಮ ಹಿಂದೆ ಬರುತ್ತದೆ. ಕೈಯನ್ನು ಸೊಂಟದ ಕೆಳಗಿಂದಲೇ ಬೀಸಿ ಎಸೆಯಿರಿ. ಕೈ ಮೇಲೆತ್ತಿ ಎಸೆಯುವುದು ನಾಯಿ ನಿರ್ಭಯವಾಗಿ ಆಡಲು ಶುರು ಮಾಡಿದ ಮೇಲೆ, ಅದೂ ನಿಧಾನಕ್ಕೆ.

ಕರಿಯಾ ಈ ನಾಲ್ಕು ಪಾಠ ಮುಗಿಸಲು ಆರು ವಾರ ತೆಗೆದುಕೊಂಡಿತು. ಮೊದಲ ಹತ್ತು ದಿನ ಬರೀ ಮೂಸುವುದರಲ್ಲೇ ಹೋಯಿತು.

ಎಷ್ಟು ಹೊತ್ತು?

ಒಮ್ಮೆಗೆ ಐದು ನಿಮಿಷ, ಐದಾರು ಸಲ ಎಸೆತ, ಅಷ್ಟೇ. ನಾಯಿಗೆ ಇನ್ನೂ ಬೇಕು ಅನ್ನಿಸುವಾಗಲೇ ಸುರುಳಿ ಎತ್ತಿಟ್ಟುಬಿಡಿ. ಸಾಕಾಗುವವರೆಗೆ ಆಡಿಸಿದರೆ ನಾಳೆ ಬರುವುದಿಲ್ಲ. ಸುರುಳಿ ಅದರ ಬಳಿ ಬಿದ್ದಿರಬಾರದು. ಅಪರೂಪವಾದದ್ದಕ್ಕೇ ಬೆಲೆ.

ಬೆಳಿಗ್ಗೆ ಬಿಸಿಲೇರುವ ಮೊದಲು, ಇಲ್ಲವೆ ಸಂಜೆ ಹೊತ್ತು ಮುಳುಗುವಾಗ ಆಡಿಸಿ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ನಾಲಿಗೆ ಚಾಚಿ ತೇಕಿಯೇ ಮೈ ತಣಿಸಿಕೊಳ್ಳಬೇಕು. ಬೇಸಗೆಯ ಮಧ್ಯಾಹ್ನ ಓಡಿಸಿದರೆ ಸತ್ತೇ ಹೋಗಬಹುದು. ಹೊಟ್ಟೆ ತುಂಬ ಉಂಡ ಮೇಲೆ ಒಂದೆರಡು ತಾಸು ಓಡಿಸಬೇಡಿ. ಮುಧೋಳದಂಥ ಆಳವಾದ ಎದೆಗೂಡಿನ ನಾಯಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಹೆಚ್ಚು.

ಸಾಮಾನ್ಯವಾಗಿ ಬರುವ ತೊಂದರೆಗಳು

ಓಡುತ್ತದೆ, ಎತ್ತುವುದಿಲ್ಲ: ಮೊದಲ ಪಾಠಕ್ಕೆ ವಾಪಸ್ ಹೋಗಿ. ಸುರುಳಿಗೆ ದಾರ ಕಟ್ಟಿ, ನಾಯಿ ಹತ್ತಿರ ಬಂದಾಗ ಸ್ವಲ್ಪ ಅಲುಗಿಸಿ. ಮುಧೋಳ ನಾಯಿಗೆ ಇದು ಬಹಳ ಬೇಕು, ಅಲುಗದ್ದು ಅದಕ್ಕೆ ಬೇಟೆ ಅಲ್ಲ.

ಎತ್ತುತ್ತದೆ, ತರುವುದಿಲ್ಲ: ಎರಡು ಸುರುಳಿ ಇಟ್ಟುಕೊಳ್ಳಿ. ಒಂದನ್ನು ಎತ್ತಿಕೊಂಡಾಗ ಇನ್ನೊಂದನ್ನು ನಿಮ್ಮ ಕೈಯಲ್ಲಿ ಆಡಿಸಿ. ಅದನ್ನು ನೋಡಿ ಬರುತ್ತದೆ.

ದಾರಿಯಲ್ಲೇ ಬಿಸಾಡುತ್ತದೆ: ದೂರ ಹೆಚ್ಚಾಗಿದೆ. ಅರ್ಧಕ್ಕೆ ಇಳಿಸಿ.

ಹತ್ತಿರ ಹೋದರೆ ಗುರ್ ಅನ್ನುತ್ತದೆ: ಸುರುಳಿ ಕಸಿಯಬೇಡಿ, ಹೊಡೆಯಬೇಡಿ. ದೂರದಿಂದಲೇ ತಿನಿಸು ಎಸೆದು ಕೆಲವು ದಿನ ಬಿಡಿಸಿ. ಅಲ್ಲಿಯವರೆಗೆ ಮಕ್ಕಳನ್ನು ಹತ್ತಿರ ಬಿಡಬೇಡಿ.

ಮೊದಲು ಆಡುತ್ತಿತ್ತು, ಈಗ ಇಲ್ಲ: ಬಾಯಿ ತೆರೆದು ಹಲ್ಲು, ಒಸಡು ನೋಡಿ. ಪಾದದಲ್ಲಿ ಮುಳ್ಳು ಇದೆಯೇ ನೋಡಿ. ನಮ್ಮ ಹೊಲದಲ್ಲಿ ಜಾಲಿ ಮುಳ್ಳಿಗೇನು ಕಡಿಮೆ?

ಎರಡು ಎಚ್ಚರಿಕೆ

ಈ ಆಟದಲ್ಲಿ ನಾಯಿಯ ಜೊಲ್ಲು ಕೈಗೆ ತಾಗಿಯೇ ತಾಗುತ್ತದೆ. ಆದ್ದರಿಂದ ಹುಚ್ಚುನಾಯಿ ರೋಗದ ಲಸಿಕೆ ಆಗದ ನಾಯಿಯೊಂದಿಗೆ ಆಡಬೇಡಿ. ಮರಿಗೆ ಮೂರು ತಿಂಗಳಾದಾಗ ದನದ ದವಾಖಾನೆಗೆ ಒಯ್ದು ಹಾಕಿಸಿ, ಆಮೇಲೆ ಡಾಕ್ಟರು ಹೇಳಿದಂತೆ ಪ್ರತಿ ವರ್ಷ ಹಾಕಿಸಿ. ಕಚ್ಚಿ ಗಾಯವಾದರೆ ಸಾಬೂನು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅರಿಷಿಣ, ಸುಣ್ಣ ಮೆತ್ತಿ ಕೂರಬಾರದು.

ಇನ್ನೊಂದು, "ತಾ" ಅನ್ನುವ ಮಾತು ಆಟದ ಸುರುಳಿಗೆ ಮಾತ್ರ. ಹೊಲದಲ್ಲಿ ಬಿದ್ದದ್ದಕ್ಕೆಲ್ಲ "ಬಿಡು" ಒಂದೇ ಮಾತು. ಸತ್ತ ಇಲಿಯನ್ನೋ ಔಷಧಿ ಡಬ್ಬಿಯನ್ನೋ ಪ್ರೀತಿಯಿಂದ ಮನೆ ಬಾಗಿಲಿಗೆ ತರುವ ನಾಯಿ ನಮಗೆ ಬೇಡ. ಕೆಟ್ಟದ್ದನ್ನು ಬಿಟ್ಟು ಬಂದ ದಿನ ಮಾಮೂಲಿಗಿಂತ ದೊಡ್ಡ ತುಂಡು ಕೊಡಿ. ವಿಷ ತಿಂದಿದೆ ಅಂತ ಅನುಮಾನ ಬಂದರೆ ಮನೆ ಮದ್ದು ಮಾಡುತ್ತ ಕೂರದೆ, ಆ ವಿಷದ ಪೊಟ್ಟಣ ಸಮೇತ ಪಶುವೈದ್ಯರ ಹತ್ತಿರ ಓಡಿ.

ಮನೆಮಂದಿ ಎಲ್ಲರೂ ಒಂದೇ ಮಾತು ಬಳಸಬೇಕು. ಒಬ್ಬರು "ಬಿಡು", ಇನ್ನೊಬ್ಬರು "ಒಗಿ", ಮತ್ತೊಬ್ಬರು "ಛೀ" ಅಂದರೆ ಪಾಪ, ನಾಯಿ ಯಾರ ಮಾತು ಕೇಳಬೇಕು? ಮಕ್ಕಳಿಗೆ ಈ ಕೆಲಸ ಒಪ್ಪಿಸಿ, ನೀವು ಪಕ್ಕದಲ್ಲಿರಿ. ದೊಡ್ಡವರಿಗಿಂತ ಅವರಿಗೆ ತಾಳ್ಮೆ ಹೆಚ್ಚು. ಕಲ್ಲು ಬೀರುವ ಚಟವೂ ಮಕ್ಕಳಿಗೆ ತಾನಾಗಿ ಬಿಟ್ಟುಹೋಗುತ್ತದೆ.

ಬೇರೆ ಉಪಾಯದಿಂದ ಕಲಿಸಿದವರು ಇದ್ದರೆ ಪತ್ರಿಕೆಗೆ ಬರೆಯಿರಿ. ಕುರಿ ಕಾಯುವ ನಾಯಿಗೆ ಕಲಿಸಿದವರ ಅನುಭವ ಓದಲು ನನಗೆ ವಿಶೇಷ ಆಸೆ.